ಕುಳಿತು ಮಾಡುವ ಕೆಲಸವೂ ಯೋಗಾಭ್ಯಾಸವೂ

"ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು" ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಈ ಗಾದೆಯನ್ನು ಕಟ್ಟಿದ ಹಿರಿಯರ ಕಾಲದಲ್ಲಿ ಕೂರುವುದೆಂದರೆ ದುಡಿಯದಿರುವುದು. ದುಡಿಯುವುದೆಂದರೆ ಏಳುವುದು, ಬಗ್ಗುವುದು, ಹೊರುವುದು. ಕೂತೇ ದುಡಿಯತಕ್ಕ ಕಾಲವೊಂದು ಬಂದೀತೆಂದಾಗಲಿ, ಕೂತು ದುಡಿದವರ ಮೈಯೂ ನೊಂದೀತೆಂದಾಗಲಿ ಅವರು ಎಣಿಸಿರಲಾರರು. ಈಗ ಅಂಥ ಕಾಲ ಬಂದಿದೆ. ಆದರೆ ನಮ್ಮ ಮನಸ್ಸು ಮಾತ್ರ ಇನ್ನೂ ಗಾದೆಯ ಕಾಲದಲ್ಲಿಯೇ ಇದೆ. ಈ ಎರಡರ ನಡುವೆ ಸಿಕ್ಕಿ ಅನೇಕರು ಮಾತಿಲ್ಲದೆ ನೋಯುತ್ತಿದ್ದಾರೆಂಬುದನ್ನು ಸಹಪಾಠಿಗಳ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸುವಾಗ ತಾಯಿತಂದೆಗಳು ಹೇಳುವ ಮಾತು ಬಹುಮಟ್ಟಿಗೆ ಒಂದೇ: "ಚೆನ್ನಾಗಿ ಓದು, ನೆರಳಿನಲ್ಲಿ ಕುಳಿತು ಮಾಡುವ ಕೆಲಸ ಸಿಕ್ಕೀತು." ಬಿಸಿಲಿನಲ್ಲಿ ನಡು ಬಗ್ಗಿಸಿ ಟೊಮೆಟೊ ಬಿಡಿಸಿದವರಿಗೆ, ಹಿಪ್ಪುನೇರಳೆಯ ಸೊಪ್ಪಿನ ಹೊರೆಯನ್ನು ತಲೆಯ ಮೇಲೆ ಹೊತ್ತವರಿಗೆ, ಬಿಸಿನೀರಿನಲ್ಲಿ ಬೆರಳದ್ದಿ ರೇಷ್ಮೆಯ ನೂಲು ತೆಗೆದವರಿಗೆ, ನೆರಳೂ ಕುರ್ಚಿಯೂ ಸ್ವರ್ಗಸಮಾನವಾಗಿ ಕಾಣುವುದು ಸಹಜ. ನನ್ನ ಮನೆಯಲ್ಲಿಯೂ ಹಾಗೆಯೇ ಇತ್ತು. ನನ್ನ ಅಕ್ಕ ಪಿ.ಯು.ಸಿ. ಮುಗಿಸಿ ಪಟ್ಟಣದ ಒಂದು ಟೈಪಿಂಗ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತ ದಿನ ನಮ್ಮ ತಾಯಿ ಬೀದಿಯವರಿಗೆಲ್ಲ ಸಕ್ಕರೆ ಹಂಚಿದರು. ಅವಳ ಸಂಬಳದಿಂದಲೇ ನಾನು ಈ ಕಾಲೇಜಿನ ಮೆಟ್ಟಿಲು ಹತ್ತಿದ್ದು.

ಮೂರನೆಯ ವರ್ಷಕ್ಕೆ ಅಕ್ಕನ ಬಲಗೈ ನೋಯತೊಡಗಿತು. ಮೊದಮೊದಲು ಸಂಜೆಯ ಹೊತ್ತು ಭುಜ ಭಾರವೆನ್ನುತ್ತಿದ್ದಳು. ಆಮೇಲೆ ಕುತ್ತಿಗೆ ತಿರುಗಿಸುವುದು ಕಷ್ಟವಾಯಿತು. ಕಡೆಗೆ ನಡುರಾತ್ರಿ ಎದ್ದು ಕುಳಿತು, ಜೋಮು ಹಿಡಿದ ಕೈಯನ್ನು ಕೊಡವುತ್ತಿದ್ದಳು. ಮುದ್ದೆ ಕಟ್ಟುವುದಕ್ಕೆ ಬೆರಳು ಬಗ್ಗುತ್ತಿರಲಿಲ್ಲ; ನಲ್ಲಿಯಿಂದ ಬಿಂದಿಗೆ ಎತ್ತಿದರೆ ಅದು ಜಾರುತ್ತಿತ್ತು. ಅವಳು ಇದನ್ನು ಬಹಳ ದಿನ ಯಾರಿಗೂ ಹೇಳಲಿಲ್ಲ. ಹೇಳಿದ ದಿನ ನಮ್ಮ ತಾಯಿ ಆಶ್ಚರ್ಯದಿಂದ, "ಕುಳಿತು ಮಾಡುವ ಕೆಲಸಕ್ಕೆ ನೋವೆಲ್ಲಿಂದ ಬಂತು?" ಎಂದರು. ಅದು ಗದರಿಕೆಯಲ್ಲ, ನಿಜವಾಗಿಯೂ ಅವರಿಗೆ ಅರ್ಥವಾಗಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದದ್ದರ ಫಲವೇ ಈ ಬರಹ.

ಕಂಪ್ಯೂಟರ್ ಕೆಲಸಗಾರರೆಂದೊಡನೆ ನಮ್ಮ ಕಣ್ಣಿಗೆ ಬೆಂಗಳೂರಿನ ಗಾಜಿನ ಕಟ್ಟಡಗಳೂ ದೊಡ್ಡ ಸಂಬಳದ ಎಂಜಿನಿಯರುಗಳೂ ಕಾಣುತ್ತಾರೆ. ಬಂಗಾರಪೇಟೆಯಲ್ಲಿಯೋ ಮಾಲೂರಿನಲ್ಲಿಯೋ ಬೆಳಗಿನ ರೈಲು ಹತ್ತಿ ಅಂಥ ಕಟ್ಟಡಗಳಿಗೆ ದಿನವೂ ಹೋಗಿಬರುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರಲ್ಲಿ ಎಲ್ಲರೂ ದೊಡ್ಡ ಸಂಬಳದವರಲ್ಲ. ಆದರೆ ರೈಲು ಹತ್ತದ ಕಂಪ್ಯೂಟರ್ ಕೆಲಸಗಾರರೂ ಉಂಟು. ಪಹಣಿ ಪತ್ರಗಳು ಗಣಕಯಂತ್ರಕ್ಕೆ ಸೇರಿದ ಮೇಲೆ, ಜಾತಿ-ಆದಾಯದ ಪ್ರಮಾಣಪತ್ರಗಳಿಂದ ಹಿಡಿದು ನಮ್ಮ ವಿದ್ಯಾರ್ಥಿವೇತನದ ಅರ್ಜಿಯವರೆಗೆ ಎಲ್ಲವೂ ತೆರೆಯ ಮೇಲೆಯೇ ಆಗತಕ್ಕದ್ದೆಂದು ಆದ ಮೇಲೆ, ನಾಡಕಚೇರಿಯಲ್ಲಿ, ಪಂಚಾಯಿತಿಯಲ್ಲಿ, ಕೋರ್ಟಿನ ಸುತ್ತಣ ಅಂಗಡಿಗಳಲ್ಲಿ, ಮಾರುಕಟ್ಟೆಯ ಮಂಡಿಗಳಲ್ಲಿ, ಖಾಸಗಿ ಆಸ್ಪತ್ರೆಗಳ ಕಿಟಕಿಗಳ ಹಿಂದೆ, ಎಷ್ಟೋ ಯುವಕ ಯುವತಿಯರು ದಿನಕ್ಕೆ ಎಂಟು ಒಂಬತ್ತು ಗಂಟೆ ಬೆರಳಾಡಿಸುತ್ತಿದ್ದಾರೆ. ಅವರ ಕುರ್ಚಿ ಮದುವೆಮನೆಯ ಪ್ಲಾಸ್ಟಿಕ್ ಕುರ್ಚಿ; ಅವರ ಮೇಜು ಬೇರೆ ಯಾವುದಕ್ಕೋ ಮಾಡಿಸಿದ್ದ ಮೇಜು. ನಾವು ಈ ವರ್ಷ ಪದವಿ ಪಡೆದು ಹೊರಗೆ ಹೋದರೆ ನಮ್ಮಲ್ಲಿ ಅನೇಕರಿಗೆ ಕಾದಿರುವುದು ಇಂಥದೇ ಕುರ್ಚಿ. ಆದಕಾರಣ ಇದು ಪರರ ವಿಷಯವಲ್ಲ.

ಈ ರೋಗ ಹೊಸದೇ? ಯಂತ್ರ ಹೊಸದು, ರೋಗ ಹಳೆಯದು. ಕಸುಬುಗಳಿಂದ ಬರತಕ್ಕ ರೋಗಗಳ ಮೇಲೆ ಗ್ರಂಥ ಬರೆದ ಇಟಲಿಯ ವೈದ್ಯ ಬರ್ನಾರ್ದಿನೊ ರಾಮತ್ಸಿನಿ ಸುಮಾರು ಮುನ್ನೂರು ವರ್ಷಗಳ ಹಿಂದೆಯೇ ಲಿಪಿಕಾರರ ವ್ಯಾಧಿಯನ್ನು ಕುರಿತು ಹೇಳಿದ್ದಾನೆ. ಎಡೆಬಿಡದೆ ಕುಳಿತಿರುವುದು, ಕೈಯನ್ನು ಒಂದೇ ಬಗೆಯಲ್ಲಿ ಆಡಿಸುತ್ತಿರುವುದು, ತಪ್ಪಾಗದಂತೆ ಮನಸ್ಸನ್ನು ಬಿಗಿಹಿಡಿದಿರುವುದು—ಈ ಮೂರು ಕಾರಣಗಳನ್ನು ಆತ ಗುರುತಿಸಿದ. ಗರಿಯ ಲೇಖನಿಗೆ ಬದಲಾಗಿ ಕೀಲಿಮಣೆ ಬಂದಿದೆಯೇ ಹೊರತು ಈ ಮೂರರಲ್ಲಿ ಒಂದೂ ಬದಲಾಗಿಲ್ಲ. ಚಿನ್ನ ಅಗೆದ ಜಿಲ್ಲೆ ನಮ್ಮದು. ೨೦೦೧ರಲ್ಲಿ ಮುಚ್ಚಿದ ಆ ಗಣಿಗಳ ಕಾರ್ಮಿಕರಲ್ಲಿ ಕಲ್ಲಿನ ಧೂಳಿನಿಂದ ಶ್ವಾಸಕೋಶದ ರೋಗಕ್ಕೆ ಬಲಿಯಾದವರನ್ನು ನಮ್ಮ ಹಿರಿಯರು ಬಲ್ಲರು. ಆ ಸಂಕಟದ ಮುಂದೆ ಟೈಪಿಂಗ್ ಅಂಗಡಿಯ ಕೈನೋವು ಸಣ್ಣದೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಒಂದೊಂದು ಕಸುಬೂ ತನ್ನ ಗುರುತನ್ನು ಮೈಮೇಲೆ ಒತ್ತಿಯೇ ಹೋಗುತ್ತದೆಂಬ ಪಾಠವನ್ನು ಬೇರೆ ಜಿಲ್ಲೆಯವರಿಗಿಂತ ನಾವು ಬೇಗ ತಿಳಿಯಬೇಕು.

ಇನ್ನು ನಮ್ಮ ತಾಯಿಯ ಪ್ರಶ್ನೆಗೆ ಬರೋಣ. ಕುಳಿತವರಿಗೆ ನೋವೆಲ್ಲಿಂದ? ಮಾಂಸಖಂಡವೆಂಬುದು ಬಿಗಿಯುವುದಕ್ಕೂ ಸಡಿಲುವುದಕ್ಕೂ ಆದದ್ದು. ಬಿಗಿದಾಗ ಅದರೊಳಗಿನ ರಕ್ತನಾಳಗಳು ಒತ್ತಲ್ಪಡುತ್ತವೆ; ಸಡಿಲಿದಾಗ ಹೊಸ ರಕ್ತ ಹರಿಯುತ್ತದೆ. ಹೊಲದಲ್ಲಿ ಗುದ್ದಲಿ ಹಿಡಿದವನ ತೋಳು ಬಿಗಿದು ಸಡಿಲುತ್ತಿರುತ್ತದೆ. ಕಂಪ್ಯೂಟರಿನ ಮುಂದೆ ಕುಳಿತವರ ಭುಜ ಹಾಗಲ್ಲ. ಕೈಗಳನ್ನು ಮುಂದೆ ಚಾಚಿ ಹಿಡಿದಿರುವುದಕ್ಕಾಗಿ ಅದು ಗಂಟೆಗಟ್ಟಲೆ ಸ್ವಲ್ಪಸ್ವಲ್ಪವೇ ಬಿಗಿದುಕೊಂಡಿರುತ್ತದೆ. ಭಾರ ಕಡಿಮೆ, ಬಿಡುವು ಇಲ್ಲ. ತುಂಬಿದ ಬಿಂದಿಗೆಯನ್ನು ಮನೆಗೆ ಹೊತ್ತು ತರಬಹುದು. ಆದರೆ ಖಾಲಿ ಚೊಂಬನ್ನು ಚಾಚಿದ ಕೈಯಲ್ಲಿ ಒಂದು ಗಂಟೆ ಹಿಡಿದು ನಿಲ್ಲಲು ಯಾರಿಂದಾದೀತು? ಈ ಹೋಲಿಕೆಯನ್ನು ಹೇಳಿದಾಗ ನಮ್ಮ ತಾಯಿ ಮೌನವಾಗಿ ಅಕ್ಕನ ಭುಜಕ್ಕೆ ಎಣ್ಣೆ ಹಚ್ಚತೊಡಗಿದರು.

ಇದರ ಜೊತೆಗೆ ಇನ್ನೂ ಕೆಲವು ಕಾರಣಗಳು ಸೇರುತ್ತವೆ. ಮನುಷ್ಯನ ತಲೆಯ ತೂಕ ಸುಮಾರು ೫ ಕಿಲೋ. ನೆಟ್ಟಗಿದ್ದರೆ ಬೆನ್ನುಮೂಳೆಯೇ ಅದನ್ನು ಹೊರುತ್ತದೆ. ತೆರೆಯ ಕಡೆಗೆ ಚಾಚಿಕೊಂಡರೆ ಕತ್ತಿನ ಹಿಂದಿನ ಮಾಂಸಖಂಡಗಳು ಅದನ್ನು ಎಳೆದು ಹಿಡಿಯಬೇಕಾಗುತ್ತದೆ. ಬೆನ್ನುಮೂಳೆಗಳ ನಡುವಣ ಮೆತ್ತೆಗಳಿಗೆ ದೊಡ್ಡವರಾದ ಮೇಲೆ ನೇರವಾದ ರಕ್ತ ಸಂಚಾರ ಬಹಳ ಕಡಿಮೆ. ಮೈ ಆಡುತ್ತಿದ್ದರೆ ಅವುಗಳ ಪೋಷಣೆಗೆ ಅನುಕೂಲ. ಮಣಿಕಟ್ಟಿನ ಒಳಗೆ ಮೂಳೆಗಳ ನಡುವೆ ಒಂದು ಇಕ್ಕಟ್ಟಾದ ಸುರಂಗವಿದ್ದು, ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೊಡನೆ ಒಂದು ನರವೂ ಅದರೊಳಗೆ ನುಸುಳುತ್ತದೆ. ಆ ದಾರಿ ಇನ್ನೂ ಇಕ್ಕಟ್ಟಾದರೆ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಕಾಣುತ್ತದೆ. ಸಿಹಿಮೂತ್ರ ರೋಗ, ಥೈರಾಯ್ಡ್ ದೋಷ, ಗರ್ಭಧಾರಣೆ ಇವುಗಳಿಂದಲೂ ಈ ತೊಂದರೆ ಬರುವುದುಂಟು. ಎಲ್ಲವನ್ನೂ ಕಂಪ್ಯೂಟರಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದುದರಿಂದಲೇ ಮೊದಲು ವೈದ್ಯರಿಗೆ ತೋರಿಸುವುದು ಅವಶ್ಯ.

ಇದಕ್ಕೆ ಪರಿಹಾರವಾಗಿ ಯೋಗಾಭ್ಯಾಸವನ್ನು ಹೇಳುವವರು ಇಂದು ಹೆಚ್ಚಾಗಿದ್ದಾರೆ. ಹಾಗೆ ಹೇಳುವವರಲ್ಲಿ ಅನೇಕರಿಗೆ, ಈ ವಿದ್ಯೆಯನ್ನು ಲೋಕಕ್ಕೆಲ್ಲ ಹಂಚಿದ ಒಬ್ಬ ಮಹನೀಯರು ನಮ್ಮ ಜಿಲ್ಲೆಯವರೇ ಎಂಬುದು ತಿಳಿಯದು. ಮಾಸ್ತಿಯವರ ಜಿಲ್ಲೆ, ಡಿ.ವಿ.ಜಿ.ಯವರ ಜಿಲ್ಲೆ ಎಂದು ನಾವು ಹೆಮ್ಮೆಪಡುವುದು ಸರಿಯೇ. ಆದರೆ ನರಸಾಪುರದ ಹತ್ತಿರದ ಬೆಳ್ಳೂರನ್ನು ಯಾಕೆ ನೆನೆಯುವುದಿಲ್ಲವೋ ಕಾಣೆ. ಬೆಳ್ಳೂರು ಕೃಷ್ಣಮಾಚಾರ್ ಸುಂದರರಾಜ ಅಯ್ಯಂಗಾರ್ಯರು ಹುಟ್ಟಿದ್ದು ಆ ಹಳ್ಳಿಯಲ್ಲಿ, ೧೯೧೮ರ ಡಿಸೆಂಬರ್ ೧೪ರಂದು. ಅದು ಇನ್‌ಫ್ಲುಯೆಂಜಾ ಮಾರಿ ದೇಶವನ್ನೆಲ್ಲ ಬಡಿಯುತ್ತಿದ್ದ ಕಾಲ. ತಂದೆ ಶಾಲೆಯ ಉಪಾಧ್ಯಾಯರು. ಹದಿಮೂರು ಮಕ್ಕಳಲ್ಲಿ ಇವರು ಹನ್ನೊಂದನೆಯವರು. ಒಂಬತ್ತನೆಯ ವಯಸ್ಸಿಗೆ ತಂದೆ ತೀರಿಕೊಂಡರು. ಮಲೇರಿಯಾ, ಟೈಫಾಯ್ಡ್, ಕ್ಷಯ—ಇವೆಲ್ಲ ಆ ಹುಡುಗನನ್ನು ಕಾಡಿದವು. ೧೯೩೪ರಲ್ಲಿ ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರ ಆಶ್ರಯಕ್ಕೆ ಮೈಸೂರಿಗೆ ಹೋದಾಗ ಮುಂದಕ್ಕೆ ಬಗ್ಗಿದರೆ ಕೈ ನೆಲವನ್ನು ಮುಟ್ಟುತ್ತಿರಲಿಲ್ಲ. ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದವರು. ಅದೇ ೧೯೩೪ರಲ್ಲಿ ಅವರು ಬರೆದ "ಯೋಗಮಕರಂದ"ದ ಭಾಷೆ ಕನ್ನಡ. ಇಂದು ಪ್ರಪಂಚದ ಊರೂರಿನಲ್ಲಿ ಕಲಿಸುವ ಆಸನಗಳ ಒಂದು ದೊಡ್ಡ ಪರಂಪರೆ ಮೊದಲು ಕನ್ನಡದ ಮಾತಿನಲ್ಲಿ ಅಚ್ಚಾಯಿತೆಂಬುದು ನಮಗೆ ಸಣ್ಣ ಸಂಗತಿಯಾಗಬಾರದು.

ರೋಗಿಷ್ಠ ಹುಡುಗನೇ ೧೯೩೭ರಲ್ಲಿ ಪುಣೆಗೆ ಹೋಗಿ ಗುರುವಾದದ್ದು, ೧೯೬೬ರಲ್ಲಿ ಇಂಗ್ಲಿಷಿನಲ್ಲಿ ಬರೆದ ಗ್ರಂಥದಿಂದ ಜಗತ್ಪ್ರಸಿದ್ಧನಾದದ್ದು, ೧೯೭೫ರಲ್ಲಿ ಅಲ್ಲಿ ರಮಾಮಣಿ ಅಯ್ಯಂಗಾರ್ ಸ್ಮಾರಕ ಯೋಗಸಂಸ್ಥೆಯನ್ನು ತೆರೆದದ್ದು, ೨೦೧೪ರಲ್ಲಿ ಪದ್ಮವಿಭೂಷಣ ಪಡೆದು ಅದೇ ವರ್ಷದ ಆಗಸ್ಟ್ ೨೦ರಂದು ತೀರಿಕೊಂಡದ್ದು, ಇವೆಲ್ಲ ದೊಡ್ಡ ಕಥೆ. ನಮ್ಮ ಪ್ರಕೃತ ವಿಷಯಕ್ಕೆ ಬೇಕಾದದ್ದು ಅದರಲ್ಲಿ ಎರಡು ಅಂಶ. ಮೊದಲನೆಯದು, ೧೯೫೨ರಲ್ಲಿ ಯೆಹೂದಿ ಮೆನುಹಿನ್ ಎಂಬ ವಿಶ್ವವಿಖ್ಯಾತ ಪಿಟೀಲು ವಾದಕರು ಅವರನ್ನು ಭೇಟಿಯಾದದ್ದು. ಪಿಟೀಲು ವಾದಕನೆಂದರೆ ಯಾರು? ಕುತ್ತಿಗೆಯನ್ನು ಒಂದು ಕಡೆಗೆ ವಾಲಿಸಿ, ಭುಜವನ್ನು ಎತ್ತಿ ಹಿಡಿದು, ಬೆರಳುಗಳನ್ನು ಗಂಟೆಗಟ್ಟಲೆ ಆಡಿಸುವವನು. ಅವನ ಶ್ರಮಕ್ಕೂ ಟೈಪು ಮಾಡುವವರ ಶ್ರಮಕ್ಕೂ ಹತ್ತಿರದ ಸಂಬಂಧವಿದೆ. ಮೈಯ ಬಿಗಿತದಿಂದ ತೊಳಲುತ್ತಿದ್ದ ಮೆನುಹಿನ್ನರಿಗೆ ಈ ಅಭ್ಯಾಸದಿಂದ ಬಹಳ ಉಪಕಾರವಾಯಿತು. ಅವರು ಅಯ್ಯಂಗಾರ್ಯರನ್ನು ತಮ್ಮ ಪಿಟೀಲಿನ ಗುರುವೆಂದೇ ಕರೆದರು. ಎರಡನೆಯ ಅಂಶ, ಬಾಗದ ಮೈಯವರಿಗಾಗಿ ಅಯ್ಯಂಗಾರ್ಯರು ಕುರ್ಚಿ, ಗೋಡೆ, ಹಗ್ಗ, ಪಟ್ಟಿ, ಮರದ ಇಟ್ಟಿಗೆ ಇವನ್ನೆಲ್ಲ ಆಸನದ ಸಹಾಯಕ್ಕೆ ತಂದದ್ದು. ಯೋಗಕ್ಕೆ ಯೋಗ್ಯವಾದ ಮೈಯನ್ನು ಹುಡುಕದೆ, ಇರುವ ಮೈಗೆ ಯೋಗವನ್ನು ಹೊಂದಿಸಿದರು. ಯಾವ ಕುರ್ಚಿ ನಮ್ಮ ಮೈಯನ್ನು ಕೆಡಿಸಿತೋ ಅದೇ ಕುರ್ಚಿಯನ್ನು ಮದ್ದಾಗಿ ಮಾಡಿದರೆನ್ನಬಹುದು.

ಹೊಗಳಿಕೆ ಸಾಕು, ಪ್ರಮಾಣವೇನಿದೆ ಎಂದು ಕೇಳುವವರಿದ್ದಾರೆ. ಕೇಳಬೇಕಾದದ್ದೇ. ೧೯೯೮ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಮರಿಯನ್ ಗಾರ್ಫಿಂಕೆಲ್ ಮತ್ತು ಸಂಗಡಿಗರು ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಮಣಿಕಟ್ಟಿನ ನರ ಒತ್ತಿದ ೪೨ ಮಂದಿಯಲ್ಲಿ ಒಂದು ಗುಂಪಿಗೆ ವಾರಕ್ಕೆರಡು ಸಲದಂತೆ ಎಂಟು ವಾರ, ಅಯ್ಯಂಗಾರ್ ಪದ್ಧತಿಯ ೧೧ ಭಂಗಿಗಳನ್ನು ಕಲಿಸಿದರು. ಇನ್ನೊಂದು ಗುಂಪಿಗೆ ಎಂದಿನ ಚಿಕಿತ್ಸೆಯ ಜೊತೆಗೆ ಕೈಗೆ ಕಟ್ಟುವ ಪಟ್ಟಿಯನ್ನು ಕೊಡಲು ಒಪ್ಪಿದರು. ಯೋಗದ ಗುಂಪಿನವರ ನೋವು ತಗ್ಗಿ ಹಿಡಿತದ ಬಲ ಹೆಚ್ಚಿತು. ನರದ ವಾಹಕಶಕ್ತಿಯಲ್ಲಿ ಮಾತ್ರ ಎರಡು ಗುಂಪುಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ೨೦೦೯ರಲ್ಲಿ ಶರ್ಲಿ ಟೆಲ್ಲಿಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ನೇರವಾಗಿ ಕಂಪ್ಯೂಟರ್ ಕೆಲಸಗಾರರ ಮೇಲೆಯೇ ನಡೆದದ್ದು. ಅದರಲ್ಲಿ ೨೯೧ ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ೬೦ ದಿನಗಳ ಮೇಲೆ, ಯೋಗ ಮಾಡಿದವರಲ್ಲಿ ಮೈಕೈ ನೋವು ಕಡಿಮೆಯಾಗಿತ್ತು, ಎರಡು ಕೈಗಳ ಹಿಡಿತವೂ ಸೊಂಟದ ಬಾಗುವಿಕೆಯೂ ಹೆಚ್ಚಿದ್ದವು. ಮಾಡದವರಲ್ಲಿ ನೋವು ಬೆಳೆದಿತ್ತು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅದು ಜಾಹೀರಾತಾದೀತು. ೪೨ ಮಂದಿಯೆಂದರೆ ನಮ್ಮ ಒಂದು ತರಗತಿಗಿಂತ ಕಡಿಮೆ. ಎರಡನೆಯ ಅಧ್ಯಯನದಲ್ಲಿ ಕಡೆಯವರೆಗೆ ಪರೀಕ್ಷೆಗೆ ಸಿಕ್ಕಿದವರು ಯೋಗದ ಗುಂಪಿನಲ್ಲಿ ೬೨, ಇನ್ನೊಂದರಲ್ಲಿ ೫೫. ಅಂದರೆ ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಲೆಕ್ಕದಿಂದ ಬಿಟ್ಟುಹೋದರು. ಇದರಿಂದ ನಾನು ತಿಳಿದುಕೊಂಡದ್ದು ಎರಡು: ಯೋಗದಿಂದ ನೋವು ತಗ್ಗುತ್ತದೆಂಬುದಕ್ಕೆ ಆಧಾರವಿದೆ, ಆದರೆ ಅದು ಮಂತ್ರದ ಕೋಲಲ್ಲ. ಮತ್ತು, ದುಡಿಯುವವರು ಪ್ರತಿದಿನ ಒಂದು ಗಂಟೆ ಬಿಡುವು ಮಾಡಿಕೊಳ್ಳುವುದು ಹೇಳಿದಷ್ಟು ಸುಲಭವಲ್ಲ.

ಅಕ್ಕನ ವಿಷಯದಲ್ಲಿ ನನ್ನ ಅವಿವೇಕವನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಮೊದಲು ನಾನು ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ, ಆಸನಗಳಲ್ಲೆಲ್ಲ ಶ್ರೇಷ್ಠವಾದದ್ದೆಂದು ಅವಳಿಂದ ಸರ್ವಾಂಗಾಸನ ಮಾಡಿಸಿದೆ. ಮೊದಲೇ ನೊಂದಿದ್ದ ಕುತ್ತಿಗೆಯ ಮೇಲೆ ಮೈಭಾರವೆಲ್ಲ ಬಿದ್ದು ಮೂರು ದಿನ ಅವಳು ತಲೆ ತಿರುಗಿಸಲಾರದೆ ಹೋದಳು. ಆಮೇಲೆ ವೈದ್ಯರಿಗೆ ತೋರಿಸಿದೆವು. ರಾತ್ರಿಯ ಹೊತ್ತು ಕೈಗೆ ಪಟ್ಟಿ ಕಟ್ಟಲು ಹೇಳಿದರು. ಕೆಲಸದ ನಡುವೆ ಬಿಡುವು ಬೇಕೆಂದರು. ಹಗುರವಾದ ವ್ಯಾಯಾಮಕ್ಕೆ ಒಪ್ಪಿದರು. ನಮ್ಮ ಬೀದಿಯಲ್ಲಿಯೇ ಇದ್ದ ನಿವೃತ್ತ ಉಪಾಧ್ಯಾಯರೊಬ್ಬರು ಆಸನಗಳನ್ನು ಕ್ರಮವಾಗಿ ಕಲಿತವರು. ಅವರು ಕಲಿಸಿದ್ದು ನೋಡುವುದಕ್ಕೆ ಏನೂ ಅಲ್ಲವೆನ್ನಿಸುವಂಥ ಅಭ್ಯಾಸ. ತಾಡಾಸನದಲ್ಲಿ ಎರಡು ಪಾದಗಳ ಮೇಲೂ ಸಮವಾಗಿ ನಿಲ್ಲುವುದು, ಬೆರಳು ಹೆಣೆದು ಕೈಗಳನ್ನು ಮೇಲೆತ್ತುವ ಪರ್ವತಾಸನ, ಎದೆಯ ಮುಂದೆ ಅಂಗೈ ಜೋಡಿಸಿ ಮೆಲ್ಲಗೆ ಒತ್ತುವುದು, ಕುರ್ಚಿಯ ಮೇಲೆ ಪಕ್ಕಕ್ಕೆ ಕುಳಿತು ಬೆನ್ನನ್ನು ತಿರುಗಿಸುವ ಭರದ್ವಾಜಾಸನ, ಗೋಡೆಗೆ ಅಂಗೈ ಒತ್ತಿ ಸೊಂಟದಿಂದ ಅರ್ಧ ಬಗ್ಗುವುದು, ಕಡೆಗೆ ಶವಾಸನ. ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತಿತ್ತು. "ನೋವು ಬಂದರೆ ನಿಲ್ಲಿಸು, ಉಸಿರು ಕಟ್ಟಿದರೆ ನಿಲ್ಲಿಸು" ಎಂಬುದೊಂದೇ ಅವರ ನಿಯಮ. ಆಸನವೆಂದರೆ ಸ್ಥಿರವಾಗಿಯೂ ಸುಖವಾಗಿಯೂ ಇರತಕ್ಕದ್ದೆಂದು ಪತಂಜಲಿಗಳು ಹೇಳಿರುವುದರ ಅರ್ಥ ನನಗೆ ಆಗ ಹೊಳೆಯಿತು. ಹಾಗಾದರೆ ಅಂಗಡಿಯ ಕುರ್ಚಿಯ ಮೇಲೆ ಒಂಬತ್ತು ಗಂಟೆ ಕೂರುವುದೂ ಒಂದು ಆಸನವೇ, ಸ್ಥಿರವಾಗಿರುತ್ತದೆ, ಸುಖವಾಗಿರುವುದಿಲ್ಲ.

ನಾಲ್ಕು ತಿಂಗಳಲ್ಲಿ ಭುಜದ ನೋವು ಬಹುಮಟ್ಟಿಗೆ ಹೋಯಿತು. ರಾತ್ರಿಯ ಜೋಮು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಇದೆಲ್ಲ ಯೋಗದಿಂದಲೇ ಆಯಿತೆಂದು ನಾನು ಸಾಧಿಸಲಾರೆ. ಏಕೆಂದರೆ ಅದೇ ಕಾಲದಲ್ಲಿ ಅವಳು ಹಳೆಯ ದಪ್ಪ ಪುಸ್ತಕಗಳನ್ನು ಕೆಳಗಿಟ್ಟು ತೆರೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿಕೊಂಡಳು. ಕುರ್ಚಿಯ ಮೇಲೆ ಮಡಿಸಿದ ಕಂಬಳಿ ಹಾಕಿ ಮೊಣಕೈಯನ್ನು ಮೇಜಿನ ಮಟ್ಟಕ್ಕೆ ತಂದಳು. ಕಾಲ ಕೆಳಗೆ ಒಂದು ಹಲಗೆ ಇಟ್ಟಳು. ಅರ್ಧ ಗಂಟೆಗೊಮ್ಮೆ ಎದ್ದು ನೀರು ಕುಡಿಯತೊಡಗಿದಳು. ಮೊದಲು ಹೀಗೆ ಏಳುವುದಕ್ಕೆ ಅವಳಿಗೆ ಸಂಕೋಚ. "ಸಂಬಳ ಕೊಡುವವರು ಏನೆಂದುಕೊಂಡಾರು?" ಎನ್ನುತ್ತಿದ್ದಳು. ಆ ಸಂಕೋಚವನ್ನು ಬಿಡಿಸುವುದು ನರದ ಗಂಟನ್ನು ಬಿಡಿಸುವುದಕ್ಕಿಂತ ಕಷ್ಟವಾಯಿತು. ಒಂದು ಸಂಜೆ ಅವಳು ಮತ್ತೆ ಮುದ್ದೆ ಕಟ್ಟಿ ತಟ್ಟೆಗೆ ಹಾಕಿದಾಗ ಮನೆಯಲ್ಲಿ ಯಾರೂ ಏನೂ ಹೇಳಲಿಲ್ಲ, ಎಲ್ಲರೂ ನೋಡಿದೆವು.

ನನ್ನ ಅಭಿಪ್ರಾಯದ ಮುಖ್ಯಾಂಶ ಇಲ್ಲಿದೆ. ಯೋಗವನ್ನು ಎರಡು ರೀತಿಯಲ್ಲಿ ಹೇಳಬಹುದು. ಒಂದು, "ನಿನ್ನ ಮೈ ನಿನ್ನದು, ಅದನ್ನು ಅರಿತು ಕಾಪಾಡಿಕೋ" ಎಂದು. ಇನ್ನೊಂದು, "ನೋವು ನಿನ್ನದು, ಯೋಗ ಮಾಡಿಕೊಂಡು ಸುಮ್ಮನೆ ದುಡಿ" ಎಂದು. ಮೊದಲನೆಯದು ವಿದ್ಯೆ, ಎರಡನೆಯದು ನುಣುಚಿಕೊಳ್ಳುವಿಕೆ. ಮುರಿದ ಕುರ್ಚಿಯ ಮೇಲೆ ಬಿಡುವಿಲ್ಲದೆ ಕೂರಿಸಿ, ಸಂಜೆ ಪ್ರಾಣಾಯಾಮ ಮಾಡಿಕೊಳ್ಳೆಂದು ಉಪದೇಶಿಸುವುದು ಧರ್ಮವಲ್ಲ. ಯುರೋಪಿನ ದೇಶಗಳ ಒಕ್ಕೂಟವು ೧೯೯೦ರಲ್ಲಿಯೇ, ತೆರೆಯ ಮುಂದೆ ಕೆಲಸ ಮಾಡುವವರಿಗೆ ನಡುನಡುವೆ ಬಿಡುವನ್ನೋ ಬೇರೆ ಬಗೆಯ ಕೆಲಸವನ್ನೋ ಕೊಡುವುದೂ, ಕುರ್ಚಿ ಮೇಜುಗಳು ಹೊಂದಿಕೆಯಾಗಿರುವಂತೆ ನೋಡಿಕೊಳ್ಳುವುದೂ ಕೆಲಸ ಕೊಡುವವರ ಕರ್ತವ್ಯವೆಂದು ವಿಧಿಸಿತು. ನಮ್ಮ ಅಂಗಡಿಯವರು ಶ್ರೀಮಂತರಲ್ಲ, ಒಪ್ಪುತ್ತೇನೆ. ಆದರೆ ಮಡಿಸಿದ ಕಂಬಳಿಗೂ ಗಂಟೆಗೈದು ನಿಮಿಷಕ್ಕೂ ಬಂಡವಾಳ ಬೇಕಾಗಿಲ್ಲ.

ಇದರ ಮೇಲೆ ಬರುವ ಆಕ್ಷೇಪಣೆಗಳನ್ನು ಬಲ್ಲೆ. ಯೋಗವು ಒಂದು ಮತದವರದು, ಎಲ್ಲರಿಗೂ ಹೇಗೆ ಹೇಳುವುದು ಎನ್ನುವವರುಂಟು. ಭುಜಕ್ಕೆ ಮತವಿಲ್ಲ, ನೋವಿಗೂ ಇಲ್ಲ. ಮನಸ್ಸಿಗೆ ಒಪ್ಪದ ಶ್ಲೋಕವನ್ನು ಯಾರ ಬಾಯಲ್ಲಿಯೂ ಹೇಳಿಸಬೇಕಾಗಿಲ್ಲ. ಕೈ ಮೇಲೆತ್ತಿ ಉಸಿರಾಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ಇನ್ನು ಕೆಲವರು, ವರ್ಷಕ್ಕೊಮ್ಮೆ ಯೋಗದಿನ ನಡೆಯುತ್ತಿದೆಯಲ್ಲ, ಸಾಲದೇ ಎನ್ನುತ್ತಾರೆ. ವಿಶ್ವಸಂಸ್ಥೆಯ ನಿರ್ಣಯದಂತೆ ೨೦೧೫ರಿಂದ ಜೂನ್ ೨೧ರಂದು ಈ ದಿನ ನಡೆಯುತ್ತಿರುವುದು ಸಂತೋಷವೇ. ಆದರೆ ವರ್ಷಕ್ಕೊಂದು ದಿನ ಉಂಡು ಮಿಕ್ಕ ದಿನ ಉಪವಾಸವಿದ್ದರೆ ಮೈ ನಿಂತೀತೆ? ಮೈದಾನದಲ್ಲಿ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡದ್ದರಿಂದ ಕುತ್ತಿಗೆ ಸಡಿಲವಾಗದು.

ಆದುದರಿಂದ ನನ್ನದೊಂದು ಸಣ್ಣ ಸೂಚನೆ. ನಮ್ಮ ಕಾಲೇಜಿನ ಕಂಪ್ಯೂಟರ್ ತರಗತಿಗಳಲ್ಲಿ ಬೆರಳು ಎಲ್ಲಿಡಬೇಕೆಂದು ಕಲಿಸುವ ದಿನವೇ, ಬೆನ್ನು ಹೇಗಿಡಬೇಕೆಂಬುದನ್ನೂ ಕಲಿಸೋಣ. ಒಂದೊಂದು ಗಂಟೆಯ ನಡುವೆಯೂ ಐದು ನಿಮಿಷ ಎಲ್ಲರೂ ಎದ್ದು ಕೈ ಮೇಲೆತ್ತುವ ಪದ್ಧತಿಯನ್ನಿಡೋಣ. ಆಸನಗಳನ್ನು ಬಲ್ಲ ಒಬ್ಬ ಶಿಕ್ಷಕರನ್ನು ವಾರಕ್ಕೊಮ್ಮೆ ಕರೆಯಿಸಿ, ಗೋಡೆಯನ್ನೂ ಕುರ್ಚಿಯನ್ನೂ ಉಪಯೋಗಿಸುವ ಅಭ್ಯಾಸವನ್ನು ಕಲಿಯೋಣ. ಮುಂದಿನ ಪ್ರವಾಸಕ್ಕೆ ದೂರದ ಊರುಗಳನ್ನು ಯೋಚಿಸುವ ಮೊದಲು ಒಂದು ದಿನ ಬೆಳ್ಳೂರಿಗೆ ಹೋಗಿಬರೋಣ. ಅಲ್ಲಿ ಅಯ್ಯಂಗಾರ್ಯರು ತಾಯಿತಂದೆಗಳ ಹೆಸರಿನ ನಿಧಿಯಿಂದ ತಮ್ಮ ಹಳ್ಳಿಗೆ ಶಾಲೆಯನ್ನೂ ಆಸ್ಪತ್ರೆಯನ್ನೂ ಕಟ್ಟಿಸಿದ್ದಾರೆ; ಪತಂಜಲಿಗಳಿಗೆ ಒಂದು ಗುಡಿಯೂ ಇದೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಮ್ಮ ಜಿಲ್ಲೆಯಲ್ಲಾದರೂ ಸುಳ್ಳು ಮಾಡೋಣ.

ಇಷ್ಟೆಲ್ಲ ಮಾಡಿದ ಮೇಲೂ ನೋವು, ಜೋಮು, ಕೈಯ ನಿಶ್ಶಕ್ತಿ ಉಳಿದಲ್ಲಿ ವೈದ್ಯರ ಬಳಿಗೆ ಹೋಗುವುದಕ್ಕೆ ತಡಮಾಡಬಾರದು. ಕುಳಿತು ಮಾಡುವ ಕೆಲಸಕ್ಕೂ ನೋವುಂಟು; ಆ ನೋವನ್ನು ಹೇಳಿಕೊಳ್ಳುವುದು ಸೋಮಾರಿತನವಲ್ಲ. ನಮ್ಮ ತಾಯಿತಂದೆಗಳು ತಮ್ಮ ಬೆನ್ನನ್ನು ಬಗ್ಗಿಸಿ ನಮ್ಮನ್ನು ಓದಿಸಿದ್ದು, ನಮ್ಮ ಬೆನ್ನು ಬೇರೊಂದು ರೀತಿಯಲ್ಲಿ ಬಗ್ಗಲೆಂದಲ್ಲ. ನಾಳೆ ಆ ನೆರಳಿನ ಕುರ್ಚಿ ನಮಗೆ ದೊರೆತಾಗ ಅದರ ಮೇಲೆ ನೆಟ್ಟಗೆ ಕೂರುವುದನ್ನೂ, ಕೂತಲ್ಲಿಂದ ಸಂಕೋಚವಿಲ್ಲದೆ ಏಳುವುದನ್ನೂ ಇಂದೇ ಕಲಿಯುವುದು ನಾವು ಅವರಿಗೆ ತೀರಿಸಬೇಕಾದ ಋಣದಲ್ಲಿ ಒಂದು ಪಾಲೆಂದು ನಾನು ನಂಬಿದ್ದೇನೆ.